ಹಿತ್ತಾಳೆ ವಾದ್ಯಗಳ ಉಸಿರಿನಲ್ಲಿ ಕ್ರಿಸ್‌ಮಸ್ ಹಾಡುಗಳು

ಕ್ರಿಸ್‌ಮಸ್ ಕ್ಯಾರಲ್‌ಗಳನ್ನು ಹಿತ್ತಾಳೆ ವಾದ್ಯಗಳ ಮೇಳಕ್ಕೆ ಅಳವಡಿಸುವವರಿಗೆ ಬೇರೆ ಸಂಗೀತದಲ್ಲಿ ಅಷ್ಟು ಸುಲಭವಾಗಿ ದೊರೆಯದ ಒಂದು ಅನುಕೂಲವಿದೆ. ಕೇಳುವವರಿಗೆ ಹಾಡು ಮೊದಲೇ ಗೊತ್ತಿರುತ್ತದೆ. ಮೊದಲ ನಾಲ್ಕು ಸ್ವರಗಳು ಕಿವಿಗೆ ಬೀಳುತ್ತಿದ್ದಂತೆಯೇ ಉಳಿದ ಸಾಲು ಮನಸ್ಸಿನಲ್ಲಿ ತಾನಾಗಿ ಮೂಡತೊಡಗುತ್ತದೆ. ಮುಂದೆ ಬರಬೇಕಾದ ಸ್ವರಕ್ಕಾಗಿ ಕಿವಿ ಕಾದಿರುತ್ತದೆ. ಆ ನಿರೀಕ್ಷೆಗೂ ವಾದ್ಯದಿಂದ ನಿಜವಾಗಿ ಹೊರಡುವ ನಾದಕ್ಕೂ ನಡುವೆ ಇರುವ ಅಂತರದಲ್ಲೇ ಅರೇಂಜರ್‌ನ, ಅಂದರೆ ಹೀಗೆ ಅಳವಡಿಸುವವರ, ಕೆಲಸವೆಲ್ಲ ನಡೆಯುತ್ತದೆ. ಧಾಟಿಯನ್ನು ಪರಿಚಯ ಮಾಡಿಕೊಡುವ ಹೊಣೆ ಇಲ್ಲದಿರುವುದರಿಂದ ಅದನ್ನು ಬಚ್ಚಿಡಬಹುದು, ತಡವಾಗಿ ತರಬಹುದು, ಮೇಲಿನ ವಾದ್ಯದಿಂದ ತೆಗೆದು ತಳದ ವಾದ್ಯಕ್ಕೆ ಕೊಡಬಹುದು. ಅರ್ಧ ಸಾಲು ನುಡಿಸಿ ನಿಲ್ಲಿಸಿದರೂ ಮಿಕ್ಕರ್ಧವನ್ನು ಕೇಳುಗರೇ ತುಂಬಿಕೊಳ್ಳುತ್ತಾರೆ.

ಈ ಸ್ವಾತಂತ್ರ್ಯವನ್ನು ಚೆನ್ನಾಗಿ ಬಳಸಿಕೊಂಡ ಅರೇಂಜ್‌ಮೆಂಟ್‌ಗಳನ್ನೂ ದುಂದು ಮಾಡಿದವುಗಳನ್ನೂ ವರ್ಷಗಳಿಂದ ಕೇಳುತ್ತ, ಸಿಕ್ಕಷ್ಟರ ಸ್ವರಲಿಪಿಯನ್ನು ಎದುರಿಗಿಟ್ಟುಕೊಂಡು ಓದುತ್ತ ಬಂದ ನನಗೆ ಒಂದು ಮಾತು ಖಚಿತವಾಗಿದೆ: ಈ ಪ್ರಕಾರದಲ್ಲಿ ಹೊಸತನ ಹುಟ್ಟುವುದು ವಾದ್ಯಗಳ ಮಿತಿಗಳಿಂದ. ಊದುವವರ ಉಸಿರು ಮುಗಿಯುತ್ತದೆ, ತುಟಿ ದಣಿಯುತ್ತದೆ, ಕೊಳವೆಯೊಳಗಿನ ಗಾಳಿ ತನಗೆ ಒಗ್ಗುವ ಸ್ವರಗಳನ್ನು ಮಾತ್ರ ಸಲೀಸಾಗಿ ಕೊಡುತ್ತದೆ. ಇವುಗಳನ್ನು ಕೊರತೆಗಳೆಂದು ಎಣಿಸಿ ಮುಚ್ಚಿಡಲು ಹೊರಟ ಅರೇಂಜ್‌ಮೆಂಟ್ ಆರ್ಗನ್ನಿನ ಬಡ ನಕಲಾಗಿ ಉಳಿಯುತ್ತದೆ. ಇವುಗಳೊಡನೆ ಕೂಡಿಕೊಂಡು ಯೋಚಿಸಿದ ಅರೇಂಜ್‌ಮೆಂಟ್ ಮಾತ್ರ ಸವೆದುಹೋದಂತೆ ಕಾಣುವ ಹಾಡಿಗೆ ಮತ್ತೆ ಜೀವ ತರುತ್ತದೆ.

ಹಿತ್ತಾಳೆಗೂ ಕ್ಯಾರಲ್‌ಗೂ ಇರುವ ನಂಟು ಆಮೇಲೆ ಅಂಟಿಸಿದ್ದಲ್ಲ. ‘ಹಾರ್ಕ್! ದ ಹೆರಾಲ್ಡ್ ಏಂಜೆಲ್ಸ್ ಸಿಂಗ್’ ಹಾಡನ್ನೇ ನೋಡಿ. ಅದರ ಸಾಹಿತ್ಯವನ್ನು ಚಾರ್ಲ್ಸ್ ವೆಸ್ಲಿ 1739ರಲ್ಲಿ ಪ್ರಕಟಿಸಿದ; ಆದರೆ ಇಂದು ಎಲ್ಲರೂ ಹಾಡುವ ಧಾಟಿ ಫೆಲಿಕ್ಸ್ ಮೆಂಡೆಲ್‌ಸೋನ್ 1840ರಲ್ಲಿ ಬೇರೆಯದೇ ಸಂದರ್ಭಕ್ಕೆ ರಚಿಸಿದ್ದು. ಗುಟೆನ್‌ಬರ್ಗನ ಮುದ್ರಣ ಕಲೆಗೆ ನಾನೂರು ವರ್ಷ ತುಂಬಿದ ಉತ್ಸವ ಲೈಪ್‌ಜಿಗ್ ನಗರದಲ್ಲಿ ನಡೆದಾಗ, ಬಯಲಿನಲ್ಲಿ ಹಾಡುವುದಕ್ಕೆಂದು ಪುರುಷರ ಗಾಯನವೃಂದಕ್ಕೂ ಹಿತ್ತಾಳೆ ವಾದ್ಯಗಳಿಗೂ ಸೇರಿಸಿ ಬರೆದ ಕೃತಿಯ ಒಂದು ಭಾಗ ಅದು. ಆ ಧಾಟಿ ಧಾರ್ಮಿಕ ಸಾಹಿತ್ಯಕ್ಕೆ ಹೊಂದುವುದಿಲ್ಲ ಎಂಬುದು ಮೆಂಡೆಲ್‌ಸೋನನ ಸ್ವಂತ ಅಭಿಪ್ರಾಯವಾಗಿತ್ತು. ಅವನು ತೀರಿಕೊಂಡ ಎಂಟು ವರ್ಷಗಳ ಬಳಿಕ, 1855ರಲ್ಲಿ, ಇಂಗ್ಲೆಂಡಿನ ವಿಲಿಯಂ ಕಮಿಂಗ್ಸ್ ಎಂಬ ಸಂಗೀತಗಾರ ಆ ಧಾಟಿಯನ್ನು ವೆಸ್ಲಿಯ ಸಾಲುಗಳಿಗೆ ಹೊಂದಿಸಿದ. ಹಾಡಿನ ಮೊದಲ ಸಾಲನ್ನು ಗಮನಿಸಿದರೆ ಅದರ ಹುಟ್ಟು ಎಲ್ಲಿ ಎಂಬುದು ಕಿವಿಗೇ ತಿಳಿಯುತ್ತದೆ. ಪಂಚಮದಿಂದ ಮೇಲಿನ ಷಡ್ಜಕ್ಕೆ ನೆಗೆದು, ಅಲ್ಲಿಂದ ಗಾಂಧಾರಕ್ಕೆ ಏರುವ ಆ ನಡೆ ಕಹಳೆಯ ಕರೆಯೇ ಆಗಿದೆ. ಆದ್ದರಿಂದ ಈ ಹಾಡನ್ನು ಟ್ರಂಪೆಟ್‌ಗಳು ನುಡಿಸಿದಾಗ ಯಾವುದನ್ನೋ ಎರವಲು ತಂದಂತೆ ಅನ್ನಿಸುವುದಿಲ್ಲ. ಹಾಡು ತನ್ನ ತವರಿಗೆ ಮರಳಿದಂತೆ ಅನ್ನಿಸುತ್ತದೆ.

ಪಂಚಮ, ಷಡ್ಜ, ಗಾಂಧಾರ ಎಂಬ ಈ ಮೂರು ಸ್ವರಗಳೇ ಏಕೆ ಎಂಬುದಕ್ಕೆ ಕೊಳವೆಯ ಸ್ವಭಾವವೇ ಉತ್ತರ. ಬೆರಳಿನಿಂದ ಒತ್ತಿ ಕೊಳವೆಯ ಉದ್ದ ಬದಲಿಸುವ ಕವಾಟಗಳಿಲ್ಲದ ಹಳೆಯ ಟ್ರಂಪೆಟ್ ಒಂದು ಉದ್ದನೆಯ ಕೊಳವೆ ಮಾತ್ರ. ತುಟಿಯ ಬಿಗಿತವನ್ನು ಬದಲಿಸಿ ಊದಿದಾಗ ಅದು ಒಂದು ಮೂಲಸ್ವರದ ಅನುಸ್ವರಗಳನ್ನಷ್ಟೇ, ಅಂದರೆ ಮೂಲಸ್ವರದ ಎರಡರಷ್ಟು, ಮೂರರಷ್ಟು ಹೀಗೆ ವೇಗವಾಗಿ ಕಂಪಿಸುವ ಸ್ವರಗಳನ್ನಷ್ಟೇ, ಕೊಡುತ್ತದೆ. ಕೆಳಗಿನ ಸ್ಥಾಯಿಯಲ್ಲಿ ಆ ಸ್ವರಗಳ ನಡುವೆ ದೊಡ್ಡ ದೊಡ್ಡ ಅಂತರಗಳಿರುತ್ತವೆ. ಎಂಟನೆಯ ಅನುಸ್ವರದಿಂದ ಮೇಲಕ್ಕೆ ಹೋದ ಮೇಲೆ ಮಾತ್ರ ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಒತ್ತೊತ್ತಿಗೆ ಸಿಗುತ್ತವೆ. ಜರ್ಮನಿಯ ಮೈಕೆಲ್ ಪ್ರಿಟೋರಿಯಸ್ 1619ರಲ್ಲಿ ಪ್ರಕಟಿಸಿದ ‘ಇನ್ ಡುಲ್ಚಿ ಯೂಬಿಲೋ’ ರಚನೆಯಲ್ಲಿ ಈ ಮಿತಿಯೇ ಸೌಂದರ್ಯವಾದದ್ದನ್ನು ಕೇಳಬಹುದು. ಅಲ್ಲಿ ಗಾಯಕರ ಗುಂಪುಗಳು ಆ ಮಧ್ಯಯುಗದ ಕ್ಯಾರಲ್ ಅನ್ನು ಒಬ್ಬರಿಂದೊಬ್ಬರಿಗೆ ಹಸ್ತಾಂತರಿಸುತ್ತ ಹೋಗುತ್ತಾರೆ. ಟ್ರಂಪೆಟ್‌ಗಳ ಗುಂಪು ಸ್ವರ ಬದಲಿಸಲಾಗದ ತನ್ನ ಒಂದೇ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛದ) ಮೇಲೆ ನಿಂತು ಘೋಷ ಹೊರಡಿಸುತ್ತದೆ. ಹಾಡು ಆ ಕಾರ್ಡಿಗೆ ಮರಳಿ ಬರುವ ಜಾಗಗಳಲ್ಲೆಲ್ಲ ಟ್ರಂಪೆಟ್‌ಗಳು ಬಾಗಿಲು ತೆರೆದಂತೆ ನುಗ್ಗುತ್ತವೆ. ಹಾಡು ಬೇರೆಡೆಗೆ ಸರಿದಾಗ ಮೌನವಾಗುತ್ತವೆ. ಆ ಮೌನವನ್ನು ಪ್ರಿಟೋರಿಯಸ್ ವಾದ್ಯದ ಅಸಹಾಯಕತೆಯಿಂದಲೇ ಪಡೆದುಕೊಂಡ. 1810ರ ದಶಕದಲ್ಲಿ ಜರ್ಮನಿಯಲ್ಲಿ ಕವಾಟ ಬಂದ ಮೇಲೆ ಎಲ್ಲ ಸ್ವರಗಳೂ ಎಲ್ಲ ಸ್ಥಾಯಿಗಳಲ್ಲೂ ಕೈಗೆ ಸಿಕ್ಕಿದವು. ಆದರೂ ಈ ಹಾಡನ್ನು ಇಂದು ಹತ್ತು ವಾದ್ಯಗಳ ಮೇಳಕ್ಕೆ ಬರೆಯುವವರು ಎಲ್ಲರಿಗೂ ಎಲ್ಲ ಕಾಲದಲ್ಲೂ ಸ್ವರ ಕೊಟ್ಟುಬಿಟ್ಟರೆ ಪ್ರಿಟೋರಿಯಸ್ ಕಂಡುಕೊಂಡ ಆ ಉಜ್ವಲತೆ ಕರಗಿಹೋಗುತ್ತದೆ.

ಇನ್ನು ಉಸಿರಿನ ವಿಷಯ. ಕ್ಯಾರಲ್‌ನ ಒಂದು ಸಾಲು ಎಂದರೆ ಹೆಚ್ಚುಕಡಿಮೆ ಒಂದು ಉಸಿರು. ಟ್ರಾಂಬೋನ್ ಊದುವವರಿಗೂ ಸಾಲಿನ ಕೊನೆಯಲ್ಲಿ ಹಾಡುವವರಷ್ಟೇ ಸಹಜವಾಗಿ ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ಪಿಟೀಲಿಗಾಗಲಿ ಆರ್ಗನ್ನಿಗಾಗಲಿ ಆ ಅಗತ್ಯವಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮೊರೇವಿಯನ್ ಕ್ರೈಸ್ತರು ಕಟ್ಟಿಕೊಂಡ ಊರಿಗೆ 1741ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಬೆತ್ಲೆಹೆಮ್ ಎಂದು ಹೆಸರಿಡಲಾಯಿತು. 1754ರ ಹೊತ್ತಿಗೆ ಅಲ್ಲಿ ಟ್ರಾಂಬೋನ್‌ಗಳ ಒಂದು ಮೇಳ ಹುಟ್ಟಿಕೊಂಡಿತ್ತು. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ಮನುಷ್ಯಕಂಠದ ನಾಲ್ಕು ವಿಭಾಗಗಳಿಗೆ ಸಮನಾಗಿ ನಾಲ್ಕು ಗಾತ್ರದ ಟ್ರಾಂಬೋನ್‌ಗಳು. ಹಾಡುವವರ ಪುಸ್ತಕವೇ ಅವುಗಳಿಗೂ ಸಾಕು. ಜರ್ಮನಿಯ ಚರ್ಚುಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದ ಪೊಸೌನೆನ್‌ಕೋರ್ ಎಂಬ ಹಿತ್ತಾಳೆ ಮೇಳಗಳದೂ ಇದೇ ಮನೋಧರ್ಮ. ಅವುಗಳನ್ನು ಸಂಘಟಿಸಿದ ಯೋಹಾನೆಸ್ ಕೂಲೋ ಎಂಬ ಪಾದ್ರಿ, ವಾದಕರೆಲ್ಲರೂ ಗಾಯಕರ ಸ್ವರಲಿಪಿಯನ್ನೇ ನೇರವಾಗಿ, ವಾದ್ಯಕ್ಕೆ ತಕ್ಕಂತೆ ಶ್ರುತಿ ಬದಲಿಸಿ ಬರೆದುಕೊಳ್ಳದೆ, ಓದಬೇಕೆಂದು ಪಟ್ಟು ಹಿಡಿದ. ಬ್ರಿಟನ್ನಿನ ಬ್ರಾಸ್ ಬ್ಯಾಂಡ್‌ಗಳು ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದವು. ಅಲ್ಲಿ ಟ್ರಂಪೆಟ್ ಅನ್ನು ಹೋಲುವ ಪುಟ್ಟ ಕಾರ್ನೆಟ್‌ನಿಂದ ಹಿಡಿದು ಭಾರೀ ಬಾಸ್ ಟ್ಯೂಬಾದವರೆಗೆ ಬಹುತೇಕ ಎಲ್ಲ ವಾದ್ಯಗಳಿಗೂ ಒಂದೇ ಬಗೆಯ ಲಿಪಿ, ಒಂದೇ ಬೆರಳು ವಿನ್ಯಾಸ. ಆದಕಾರಣ ಇಂದು ಕಾರ್ನೆಟ್ ನುಡಿಸಿದವರು ನಾಳೆ ಚಿಕ್ಕ ಟ್ಯೂಬಾದಂತಿರುವ ಯೂಫೋನಿಯಂ ಎತ್ತಿಕೊಳ್ಳಬಹುದು. ಮೊದಲನೆಯದು ಹಾಡಿಗೆ ಹತ್ತಿರವಾಗುವ ಉಪಾಯ, ಎರಡನೆಯದು ಬ್ಯಾಂಡಿನಲ್ಲಿ ಖಾಲಿ ಬಿದ್ದ ಜಾಗವನ್ನು ತುಂಬಿಕೊಳ್ಳುವ ಉಪಾಯ. ಇವೆರಡರ ಗುರುತೂ ಆಯಾ ದೇಶದ ಅರೇಂಜ್‌ಮೆಂಟ್‌ಗಳಲ್ಲಿ ಇಂದಿಗೂ ಕೇಳಿಸುತ್ತದೆ.

ಬೀದಿಗೆ ಬಂದ ಹಿತ್ತಾಳೆಯ ಕಥೆ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯದು. 1878ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಬೀದಿಬೋಧಕರ ಮೇಲೆ ಪುಂಡರು ಬೀಳುತ್ತಿದ್ದಾಗ, ಚಾರ್ಲ್ಸ್ ಫ್ರೈ ಎಂಬ ಕಟ್ಟಡ ಗುತ್ತಿಗೆದಾರ ತನ್ನ ಮೂವರು ಮಕ್ಕಳೊಡನೆ ಬೋಧಕರ ರಕ್ಷಣೆಗೆ ನಿಂತ. ನಾಲ್ವರೂ ತಮ್ಮ ವಾದ್ಯಗಳನ್ನು ತಂದು ಹಾಡಿಗೆ ಜೊತೆ ಕೊಟ್ಟದ್ದೇ ಆ ಸಂಸ್ಥೆಯ ಬ್ಯಾಂಡ್‌ಗಳಿಗೆ ಮೊದಲಾಯಿತು. ನಾಲ್ಕೇ ಜನರಿಂದಲೂ ನಡೆಯಬೇಕು, ಮೂವತ್ತು ಜನ ಬಂದರೂ ಅದೇ ಪುಸ್ತಕ ಸಾಕಾಗಬೇಕು ಎಂಬ ಬೀದಿಯ ಕಟ್ಟುಪಾಡು ಅವರ ಕ್ಯಾರಲ್ ಬರವಣಿಗೆಯನ್ನು ರೂಪಿಸಿತು: ನಾಲ್ಕು ಮುಖ್ಯ ದನಿಗಳು ಗಟ್ಟಿಯಾಗಿರುತ್ತವೆ, ಮಿಕ್ಕಿದ್ದೆಲ್ಲ ಇದ್ದರೆ ಚೆಂದ, ಇಲ್ಲದಿದ್ದರೂ ಹಾಡು ನಿಲ್ಲುವುದಿಲ್ಲ. ಡಿಸೆಂಬರ್‌ನ ಚಳಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವ ಶಬ್ದ ಸೊನ್ನೆ ಡಿಗ್ರಿಯಲ್ಲಿ 331 ಮೀಟರ್‌ಗೆ ಇಳಿಯುತ್ತದೆ. ಕೊಳವೆಯೊಳಗಿನ ಗಾಳಿಯೆಲ್ಲ ಅಷ್ಟು ತಣ್ಣಗಾದರೆ ಶ್ರುತಿ ಅರ್ಧ ಸ್ವರಾಂತರದ ಅರ್ಧಕ್ಕಿಂತಲೂ ಹೆಚ್ಚು ಕುಸಿಯುತ್ತದೆ. ಊದುವವರ ಬೆಚ್ಚನೆಯ ಉಸಿರು ಇದನ್ನು ಸ್ವಲ್ಪ ಸರಿದೂಗಿಸುತ್ತದೆ. ಆದರೆ ಸಣ್ಣ ಕಾರ್ನೆಟ್ ಬೇಗ ಬೆಚ್ಚಗಾಗುತ್ತದೆ, ದೊಡ್ಡ ಟ್ಯೂಬಾ ಬೇಗ ಬೆಚ್ಚಗಾಗುವುದಿಲ್ಲ. ಹಾಗಾಗಿ ಮೇಲಿನವರೂ ಕೆಳಗಿನವರೂ ಒಂದೇ ಸ್ವರವನ್ನು ದೀರ್ಘವಾಗಿ ಹಿಡಿದರೆ ಅಪಶ್ರುತಿ ಎದ್ದು ಕಾಣುತ್ತದೆ. ಬೀದಿಯಲ್ಲಿ ನುಡಿಸುವ ಕ್ಯಾರಲ್‌ಗಳಲ್ಲಿ ಒಳದನಿಗಳು ಸದಾ ಚಲಿಸುತ್ತಿದ್ದರೆ ಒಳ್ಳೆಯದು ಎಂದು ನಾನು ನಂಬುವುದಕ್ಕೆ ಇದೂ ಒಂದು ಕಾರಣ.

ಸಭಾಂಗಣದೊಳಕ್ಕೆ ಬಂದಾಗ ಚಳಿಯ ಕಷ್ಟ ಇರುವುದಿಲ್ಲ, ತುಟಿಯ ಕಷ್ಟ ಉಳಿಯುತ್ತದೆ. ‘ಕ್ಯಾರಲ್ ಆಫ್ ದ ಬೆಲ್ಸ್’ ಇದಕ್ಕೆ ಅತ್ಯುತ್ತಮ ನಿದರ್ಶನ. ಉಕ್ರೇನಿನ ಮಿಕೋಲಾ ಲಿಯೊಂಟೊವಿಚ್ ಗಾಯನವೃಂದಕ್ಕಾಗಿ ರೂಪಿಸಿದ ‘ಶೆದ್ರಿಕ್’ ಎಂಬ ಹೊಸವರ್ಷದ ಜನಪದ ಹಾಡು 1916ರಲ್ಲಿ ಕೀವ್ ನಗರದಲ್ಲಿ ಮೊದಲ ಬಾರಿಗೆ ಸಭೆಯ ಎದುರು ಹಾಡಲ್ಪಟ್ಟಿತು; 1936ರಲ್ಲಿ ಪೀಟರ್ ವಿಲ್ಹೌಸ್ಕಿ ಅದಕ್ಕೆ ಗಂಟೆಗಳ ವಿಷಯವಾಗಿ ಇಂಗ್ಲಿಷ್ ಸಾಹಿತ್ಯ ಬರೆದ ಬಳಿಕ ಅದು ಕ್ರಿಸ್‌ಮಸ್ ಹಾಡಾಯಿತು. ಹಾಡಿನ ಜೀವಾಳ ನಾಲ್ಕು ಸ್ವರಗಳ ಒಂದು ಪುಟ್ಟ ತುಣುಕು. ಒಂದು ಸ್ವರ, ಅದರ ಕೆಳಗಿನದು, ಮತ್ತೆ ಮೊದಲಿನದು, ಆಮೇಲೆ ಸ್ವಲ್ಪ ಕೆಳಗಿಳಿದ ಇನ್ನೊಂದು. ಇಷ್ಟೇ ಮತ್ತೆ ಮತ್ತೆ ಬರುತ್ತದೆ. ಗಾಯಕರಿಗೆ ಅಥವಾ ಪಿಯಾನೊಗೆ ಈ ಪುನರಾವರ್ತನೆ ಕಷ್ಟವಲ್ಲ. ಒಬ್ಬ ಟ್ರಂಪೆಟ್ ವಾದಕರಿಗೆ ಮಾತ್ರ ಎರಡು ನಿಮಿಷ ಬಿಡುವಿಲ್ಲದೆ ಇದನ್ನೇ ಊದಬೇಕಾಗಿ ಬಂದರೆ ತುಟಿ ಮರಗಟ್ಟಿ, ಹಾಡಿನ ಕೊನೆಯ ಏರಿಕೆಗೆ ಶಕ್ತಿಯೇ ಉಳಿಯುವುದಿಲ್ಲ.

ಇದಕ್ಕೆ ಜಾಣ ಅರೇಂಜರ್‌ಗಳು ಕಂಡುಕೊಂಡ ಪರಿಹಾರವನ್ನು ಹತ್ತಿರದಿಂದ ನೋಡಬೇಕು. ನಾಲ್ಕು ಸ್ವರಗಳ ತುಣುಕನ್ನು ಒಬ್ಬರಿಗೆ ಕೊಡದೆ ನಾಲ್ವರಿಗೆ ಹಂಚುತ್ತಾರೆ. ಮೊದಲ ಟ್ರಂಪೆಟ್ ಮೊದಲ ಸ್ವರವನ್ನು ಚುರುಕಾಗಿ ಆರಂಭಿಸಿ, ಕೂಡಲೇ ಸದ್ದನ್ನು ತಗ್ಗಿಸುತ್ತ ಅದನ್ನು ಹಿಡಿದೇ ಇರುತ್ತದೆ; ಎರಡನೆಯ ಟ್ರಂಪೆಟ್ ತನ್ನ ಸ್ವರವನ್ನು ಹಾಗೆಯೇ ಎತ್ತಿ ಹಿಡಿಯುತ್ತದೆ; ನಂತರ ಹಾರ್ನ್, ಟ್ರಾಂಬೋನ್. ಒಂದೊಂದು ಸ್ವರವೂ ಬಡಿದ ಗಂಟೆಯಂತೆ ಮೊದಲು ಗಟ್ಟಿಯಾಗಿ ಕೇಳಿ ನಿಧಾನವಾಗಿ ಕ್ಷೀಣಿಸುತ್ತದೆ, ಹಿಂದಿನ ಸ್ವರ ಪೂರ್ತಿ ಅಡಗುವ ಮುನ್ನವೇ ಮುಂದಿನದು ಅದರ ಮೇಲೆ ಬಂದು ಕೂರುತ್ತದೆ. ಹಿತ್ತಾಳೆ ವಾದಕರ ನಡುವೆ ಇದಕ್ಕೆ ಬೆಲ್ ಟೋನ್ ಎಂದೇ ಹೆಸರು. ದಣಿವನ್ನು ತಪ್ಪಿಸಲು ಮಾಡಿದ ಈ ಹಂಚಿಕೆಯಿಂದ ನಿಜವಾದ ಗಂಟೆಗೋಪುರದ ಅನುರಣನವೇ ದೊರೆಯುತ್ತದೆ, ಮತ್ತು ಹಾಡು ಎಡದಿಂದ ಬಲಕ್ಕೆ ವೇದಿಕೆಯ ಉದ್ದಕ್ಕೂ ಓಡಾಡುತ್ತದೆ. ಇದೇ ಯುಕ್ತಿಯನ್ನು ‘ಜಾಯ್ ಟು ದ ವರ್ಲ್ಡ್’ ಹಾಡಿನ ಆರಂಭಕ್ಕೆ ಬಳಸಿದಾಗ ಇನ್ನೊಂದು ಚೋದ್ಯ ಸಂಭವಿಸುತ್ತದೆ. ಆ ಹಾಡಿನ ಮೊದಲ ಸಾಲು ಎಂದರೆ ಮೇಲಿನ ಷಡ್ಜದಿಂದ ಕೆಳಗಿನ ಷಡ್ಜದವರೆಗೆ ಒಂದೂ ಬಿಡದೆ ಇಳಿಯುವ ಎಂಟು ಸ್ವರಗಳು. ಅವುಗಳನ್ನು ಮೇಲಿನ ವಾದ್ಯದಿಂದ ತಳದ ವಾದ್ಯದವರೆಗೆ ಹಂಚಿ, ಪ್ರತಿಯೊಬ್ಬರೂ ತಮ್ಮ ಸ್ವರವನ್ನು ಬಿಡದೆ ಹಿಡಿದುಕೊಂಡರೆ, ಸಾಲು ಮುಗಿಯುವ ಹೊತ್ತಿಗೆ ಇಡೀ ಅವರೋಹಣದ ಸ್ವರಗಳೆಲ್ಲ ಒಟ್ಟಿಗೆ ನಿಂತ ಒಂದು ದಟ್ಟವಾದ ನಾದ ಕಟ್ಟಿಕೊಂಡಿರುತ್ತದೆ. ಕೇಳುಗರಿಗೆ ಧಾಟಿಯೂ ಸಿಕ್ಕಿತು, ಆ ಧಾಟಿಯಿಂದಲೇ ಹುಟ್ಟಿದ ಹೊಸ ಹಾರ್ಮನಿಯೂ ಸಿಕ್ಕಿತು. ಹೊರಗಿನಿಂದ ತಂದು ಸೇರಿಸಿದ್ದು ಏನೂ ಇಲ್ಲ.

ಹಾರ್ಮನಿಯ ಮಟ್ಟದಲ್ಲಿ ಸಾಹಸ ಮಾಡುವುದು ಇದಕ್ಕಿಂತ ಅಪಾಯದ ಕೆಲಸ, ಏಕೆಂದರೆ ಹಳೆಯ ಧಾಟಿಗೆ ಹೊಸ ಕಾರ್ಡುಗಳನ್ನು ತೊಡಿಸಿದಾಗ ಅದು ಬೇಗನೆ ಉಡುಪಿನ ಪ್ರದರ್ಶನವಾಗಿಬಿಡುತ್ತದೆ. ಬ್ರಿಟನ್ನಿನ ಡೇವಿಡ್ ವಿಲ್‌ಕಾಕ್ಸ್ ‘ಓ ಕಮ್, ಆಲ್ ಯೀ ಫೇಯ್ತ್‌ಫುಲ್’ ಹಾಡಿನ ಕೊನೆಯ ಚರಣಕ್ಕೆ ಮಾಡಿದ ಹೊಂದಾಣಿಕೆ, 1961ರ ‘ಕ್ಯಾರಲ್ಸ್ ಫಾರ್ ಕ್ವೈಯರ್ಸ್’ ಸಂಗ್ರಹದಲ್ಲಿ ಬಂದದ್ದು, ನನಗೆ ಮಾದರಿಯಾಗಿ ಕಾಣುತ್ತದೆ. ಇಡೀ ಚರಣದಲ್ಲಿ ಜನ ಕಾದು ಕೂತಿರುವುದು ತಂದೆಯ ವಾಕ್ಯವನ್ನು ಕುರಿತ ಆ ಒಂದು ಸಾಲಿನ ಮೊದಲ ಪದದ ಮೇಲೆ ಬೀಳುವ ಒಂದೇ ಒಂದು ಕಾರ್ಡಿಗಾಗಿ. ಮಿಕ್ಕೆಡೆ ಸಂಯಮವಿರುವುದರಿಂದಲೇ ಆ ಒಂದು ಕಾರ್ಡು ನೆಲ ನಡುಗಿದಂತೆ ಕೇಳುತ್ತದೆ. ಟ್ರಾಂಬೋನ್‌ಗಳು ಅದನ್ನು ತೆರೆದ ಗಂಟಲಿನಿಂದ ಊದಿದಾಗಂತೂ ಹೇಳುವುದೇ ಬೇಡ. ಅದೇ 1961ರಲ್ಲಿ ಅಮೆರಿಕದ ಸ್ಟ್ಯಾನ್ ಕೆಂಟನ್ ವಾದ್ಯವೃಂದ, ರಾಲ್ಫ್ ಕಾರ್ಮೈಕಲ್ ಅರೇಂಜ್ ಮಾಡಿದ ಕ್ಯಾರಲ್‌ಗಳ ಆಲ್ಬಂ ತಂದಿತು. ಟ್ರಂಪೆಟ್‌ಗೂ ಟ್ರಾಂಬೋನ್‌ಗೂ ನಡುವಿನ ದನಿಯ ಮೆಲೊಫೋನಿಯಂ ಎಂಬ ವಾದ್ಯಗಳ ಸಾಲೊಂದು ಆಗ ಆ ವೃಂದದಲ್ಲಿತ್ತು. ಜಾಝ್‌ನ ದಟ್ಟ ಕಾರ್ಡುಗಳು ಅಲ್ಲಿವೆ, ಆದರೆ ಅವುಗಳನ್ನು ಆತುರವಿಲ್ಲದೆ, ಚರ್ಚಿನ ಹಾಡಿನ ಗಾಂಭೀರ್ಯದಲ್ಲಿ ಒಂದಾದ ಮೇಲೊಂದರಂತೆ ಇಡಲಾಗಿದೆ. ಜಾಝ್ ಎಂದೊಡನೆ ಕುಣಿತದ ಲಯ ಎಂದು ಭಾವಿಸುವವರು ಆ ಆಲ್ಬಂ ಕೇಳಬೇಕು.

ಕಡಿಮೆ ಮಾಡುವುದೂ ಆವಿಷ್ಕಾರವೇ. ‘ಓ ಕಮ್, ಓ ಕಮ್, ಇಮ್ಯಾನುಯೆಲ್’ ಹಾಡಿನ ಧಾಟಿಯನ್ನು ಥಾಮಸ್ ಹೆಲ್ಮೋರ್ 1851ರಲ್ಲಿ ಪ್ರಕಟಿಸಿದಾಗ ಅದರ ಮೂಲ ಎಲ್ಲಿಯದೆಂಬುದು ಸ್ಪಷ್ಟವಿರಲಿಲ್ಲ. 1966ರಲ್ಲಿ ಮೇರಿ ಬೆರಿ ಎಂಬ ವಿದ್ವಾಂಸೆ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದ ಹದಿನೈದನೆಯ ಶತಮಾನದ ಹಸ್ತಪ್ರತಿಯಲ್ಲಿ ಅದನ್ನು ಗುರುತಿಸಿದರು. ಅಲ್ಲಿ ಅದು ಅಂತ್ಯಸಂಸ್ಕಾರದ ಮೆರವಣಿಗೆಯಲ್ಲಿ ಎರಡು ದನಿಗಳಲ್ಲಿ ಹಾಡುವ ಹಾಡಾಗಿತ್ತು. ಈ ಸಂಗತಿ ತಿಳಿದ ಮೇಲೆ ಆ ಹಾಡನ್ನು ಎರಡೇ ಹಾರ್ನ್‌ಗಳಿಂದ, ಕಾರ್ಡುಗಳ ಆಸರೆಯಿಲ್ಲದೆ ಆರಂಭಿಸುವ ಅರೇಂಜ್‌ಮೆಂಟ್‌ಗಳು ನನಗೆ ಹೆಚ್ಚು ಹತ್ತಿರವಾದವು. ಇಡೀ ಮೇಳ ಸುಮ್ಮನೆ ಕುಳಿತು ಕೇಳುತ್ತಿರುವಾಗ ಇಬ್ಬರು ಮಾತ್ರ ನುಡಿಸುವುದರಲ್ಲಿ ಇರುವ ಧೈರ್ಯವನ್ನು ಕಡಿಮೆ ಎಂದು ಎಣಿಸಬಾರದು. ಸಾಲ್ವೇಶನ್ ಆರ್ಮಿಯ ಹಿರಿಯ ಸಂಗೀತಗಾರ ಎರಿಕ್ ಬಾಲ್ ‘ದ ಕಿಂಗ್‌ಡಮ್ ಟ್ರಯಂಫಂಟ್’ ಎಂಬ ಕೃತಿಯಲ್ಲಿ ಇದೇ ಧಾಟಿಯನ್ನು ಇಡೀ ಬ್ಯಾಂಡಿನ ಬೃಹತ್ ಚಿತ್ರವಾಗಿ ಬೆಳೆಸಿದ್ದಾನೆ. ಒಂದೇ ಧಾಟಿ ಈ ಎರಡೂ ಅಂಚುಗಳನ್ನು ತಾಳಿಕೊಳ್ಳುತ್ತದೆ ಎಂಬುದೇ ಅದರ ಗಟ್ಟಿತನ.

ಐದು ಜನರ ಬ್ರಾಸ್ ಕ್ವಿಂಟೆಟ್‌ಗೆ ಬರೆಯುವುದು ಬೇರೆಯದೇ ಶಿಸ್ತು. ಎರಡು ಟ್ರಂಪೆಟ್, ಒಂದು ಹಾರ್ನ್, ಒಂದು ಟ್ರಾಂಬೋನ್, ಒಂದು ಟ್ಯೂಬಾ. 1970ರಲ್ಲಿ ಟೊರಾಂಟೊದಲ್ಲಿ ಆರಂಭವಾದ ಕೆನೆಡಿಯನ್ ಬ್ರಾಸ್ ಈ ಐವರ ಕೂಟವನ್ನು ಜಗತ್ತಿನಾದ್ಯಂತ ಮನೆಮಾತಾಗಿಸಿತು. ಡ್ಯೂಕ್ ಎಲಿಂಗ್ಟನ್ ಜೊತೆ ಕೆಲಸ ಮಾಡಿದ್ದ ಲೂಥರ್ ಹೆಂಡರ್ಸನ್ ಅವರಿಗಾಗಿ ಬರೆದ ಕ್ಯಾರಲ್‌ಗಳನ್ನು ಇಂದಿಗೂ ಶಾಲೆ ಕಾಲೇಜುಗಳ ಮೇಳಗಳು ನುಡಿಸುತ್ತವೆ. ಐವರಲ್ಲಿ ಎಲ್ಲರೂ ಸದಾ ನುಡಿಸುತ್ತಿದ್ದರೆ ಮೂರನೆಯ ಹಾಡಿನ ಹೊತ್ತಿಗೇ ಮೊದಲ ಟ್ರಂಪೆಟ್ ಸೋಲುತ್ತದೆ. ಆದುದರಿಂದ ಒಳ್ಳೆಯ ಕ್ವಿಂಟೆಟ್ ಅರೇಂಜ್‌ಮೆಂಟ್‌ನ ಸ್ವರಲಿಪಿಯಲ್ಲಿ ನಾನು ಮೊದಲು ಹುಡುಕುವುದು ವಿರಾಮದ ಚಿಹ್ನೆಗಳನ್ನು. ಎರಡನೆಯ ಚರಣದಲ್ಲಿ ಟ್ರಂಪೆಟ್‌ಗಳು ಸುಮ್ಮನಿದ್ದು ಹಾರ್ನ್, ಟ್ರಾಂಬೋನ್, ಟ್ಯೂಬಾ ಮೂವರೇ ಹಾಡನ್ನು ಹೊತ್ತುಕೊಂಡರೆ, ಮೂರನೆಯ ಚರಣದಲ್ಲಿ ಟ್ರಂಪೆಟ್‌ಗಳ ಪ್ರವೇಶಕ್ಕೆ ಬೆಳಕು ಬಂದಂತಹ ಪರಿಣಾಮ ತಾನಾಗಿ ಒದಗುತ್ತದೆ. ಲಂಡನ್ನಿನ ಫಿಲಿಪ್ ಜೋನ್ಸ್ ಬ್ರಾಸ್ ಎನ್ಸೆಂಬಲ್ ರೂಢಿಗೆ ತಂದ ಹತ್ತು ಜನರ ಮೇಳದಲ್ಲಿ ಈ ಒತ್ತಡ ಕಡಿಮೆ. ನಾಲ್ಕು ಟ್ರಂಪೆಟ್, ನಾಲ್ಕು ಟ್ರಾಂಬೋನ್, ಹಾರ್ನ್, ಟ್ಯೂಬಾ ಇರುವಾಗ ಎರಡು ಗುಂಪು ಮಾಡಿ ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಉತ್ತರಿಸುವಂತೆ ಬರೆಯಬಹುದು. ಆದರೂ ಕೊರತೆಯಲ್ಲಿ ಬರೆದ ಕ್ವಿಂಟೆಟ್‌ಗಳ ಜಾಣ್ಮೆ ನನಗೆ ಒಂದು ಹಿಡಿ ಹೆಚ್ಚು ಇಷ್ಟ.

ಎಲ್ಲಕ್ಕಿಂತ ವಿಚಿತ್ರವಾದ ಮೇಳ ಎಂದರೆ ಮೇಲಿನ ದನಿಗಳೇ ಇಲ್ಲದ ಮೇಳ. ಟ್ಯೂಬಾ ವಾದಕ ಹಾರ್ವೆ ಫಿಲಿಪ್ಸ್ 1974ರ ಡಿಸೆಂಬರ್ 22ರಂದು ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರ್‌ನ ಐಸ್ ಅಂಗಳದಲ್ಲಿ ಸುಮಾರು ಮುನ್ನೂರು ಟ್ಯೂಬಾ ಮತ್ತು ಯೂಫೋನಿಯಂ ವಾದಕರನ್ನು ಒಟ್ಟುಗೂಡಿಸಿ ಕ್ಯಾರಲ್ ನುಡಿಸಿದ. 1902ರ ಕ್ರಿಸ್‌ಮಸ್ ದಿನ ಹುಟ್ಟಿದ ತನ್ನ ಗುರು ವಿಲಿಯಂ ಬೆಲ್‌ಗೆ ಅದು ಅವನ ಗೌರವಾರ್ಪಣೆ. ಟ್ಯೂಬಾಕ್ರಿಸ್‌ಮಸ್ ಎಂಬ ಆ ಪದ್ಧತಿ ಈಗ ಅನೇಕ ನಗರಗಳಿಗೆ ಹಬ್ಬಿದೆ. ಅದಕ್ಕೆ ಕ್ಯಾರಲ್‌ಗಳನ್ನು ಅರೇಂಜ್ ಮಾಡಿಕೊಟ್ಟವರು ಸಂಗೀತ ರಚನಕಾರ ಅಲೆಕ್ ವೈಲ್ಡರ್. ಅವರ ಮುಂದಿದ್ದ ತೊಡಕು ಭೌತಶಾಸ್ತ್ರದ್ದು. ಮಂದ್ರಸ್ಥಾಯಿಯಲ್ಲಿ ಒಂದಕ್ಕೊಂದು ಹತ್ತಿರವಿರುವ ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅವುಗಳ ಅನುಸ್ವರಗಳು ಪರಸ್ಪರ ಉಜ್ಜಿಕೊಂಡು ನಾದ ಕಲಸಿಹೋಗುತ್ತದೆ. ಕೇಳುಗರಿಗೆ ಕಾರ್ಡು ತಿಳಿಯುವುದಿಲ್ಲ, ಗುಡುಗು ಮಾತ್ರ ಕೇಳುತ್ತದೆ. ಆದ್ದರಿಂದ ಕೆಳಗಿನ ದನಿಗಳ ನಡುವೆ ಅಷ್ಟಮ ಅಥವಾ ಪಂಚಮದಷ್ಟು ಅಂತರ ಬಿಟ್ಟು, ಕಾರ್ಡಿನ ಬಣ್ಣವನ್ನು ನಿರ್ಧರಿಸುವ ಗಾಂಧಾರವನ್ನು ಮೇಲಿನ ಯೂಫೋನಿಯಂಗಳಿಗೆ ಕೊಡಬೇಕಾಗುತ್ತದೆ. ಹೀಗೆ ಜಾಗ ಬಿಟ್ಟು ಬರೆದಾಗ ಟ್ಯೂಬಾಗಳ ದಂಡು ಅಚ್ಚರಿ ಹುಟ್ಟಿಸುವಷ್ಟು ಮೃದುವಾಗಿ ಹಾಡುತ್ತದೆ. ಟ್ಯೂಬಾ ಎಂದರೆ ಬರೀ ಧಂ ಧಂ ಎನ್ನುವ ತಾಳದ ವಾದ್ಯ ಎಂದು ತಿಳಿದವರಿಗೆ ಅಲ್ಲಿ ಮನುಷ್ಯಕಂಠಕ್ಕೆ ತೀರಾ ಹತ್ತಿರದ ದನಿಯೊಂದು ಕೇಳಿಬರುತ್ತದೆ.

ಮೃದುತ್ವದ ಮಾತು ಬಂದದ್ದರಿಂದ ‘ಸೈಲೆಂಟ್ ನೈಟ್’ ಬಗ್ಗೆಯೂ ಹೇಳಬೇಕು. 1818ರಲ್ಲಿ ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ಯೋಸೆಫ್ ಮೋರ್ ಮತ್ತು ಫ್ರಾನ್ಸ್ ಗ್ರೂಬರ್ ಗಿಟಾರ್ ಜೊತೆಗೆ ಹಾಡಿದ ಹಾಡು ಅದು. ಗಿಟಾರ್‌ಗೆಂದು ಹುಟ್ಟಿದ್ದನ್ನು ಹಿತ್ತಾಳೆಗೆ ತರುವಾಗ ಟ್ರಂಪೆಟ್‌ಗಳನ್ನು ಕೆಳಗಿಟ್ಟು ಅಗಲ ಕೊಳವೆಯ ಫ್ಲೂಗಲ್‌ಹಾರ್ನ್ ಎತ್ತಿಕೊಳ್ಳುವುದು ವಾಡಿಕೆ. ಕೊಳವೆ ಅಗಲವಾಗುತ್ತ ಹೋದಂತೆ ಮೇಲಿನ ಅನುಸ್ವರಗಳು ಕಡಿಮೆಯಾಗಿ ದನಿಯ ಅಂಚು ಮೊಂಡಾಗುತ್ತದೆ. ವಾದ್ಯದ ಬಾಯಿಗೆ ಮ್ಯೂಟ್ ಎಂಬ ಮುಚ್ಚಳ ಹಾಕಿಯೂ ಸದ್ದು ತಗ್ಗಿಸಬಹುದು, ಆದರೆ ಮ್ಯೂಟ್ ದನಿಯ ಬಣ್ಣವನ್ನೇ ಬದಲಿಸುತ್ತದೆ; ನೇರ ಮ್ಯೂಟ್ ದನಿಯನ್ನು ತೆಳ್ಳಗೆ, ಲೋಹದ ಅಂಚಿನದಾಗಿ ಮಾಡುತ್ತದೆ, ಕಪ್ ಮ್ಯೂಟ್ ದೂರದಿಂದ ಬಂದಂತೆ ಮಾಡುತ್ತದೆ. ಈ ಹಾಡಿಗೆ ನೇರ ಮ್ಯೂಟ್ ಹಾಕುವುದನ್ನು ನಾನು ಒಪ್ಪಲಾರೆ.

ಒಪ್ಪಲಾಗದ ಇನ್ನೂ ಕೆಲವು ರೂಢಿಗಳಿವೆ. ಆರು ಕ್ಯಾರಲ್‌ಗಳ ಮೊದಲ ಸಾಲುಗಳನ್ನು ಮಾತ್ರ ಪೋಣಿಸಿ, ಒಂದೂ ಹಾಡನ್ನು ಮುಗಿಸದೆ ಓಡುವ ಮೆಡ್ಲಿಗಳು ಕೇಳುಗರ ನಿರೀಕ್ಷೆಯನ್ನು ಕೆರಳಿಸಿ ಕೈಬಿಡುತ್ತವೆ. ‘ಗಾಡ್ ರೆಸ್ಟ್ ಯೀ ಮೆರಿ, ಜೆಂಟಲ್‌ಮೆನ್’ ಹಾಡಿನ ಮಾತ್ರೆಗಳನ್ನು ಐದಕ್ಕೆ, ಏಳಕ್ಕೆ ಮುರಿದು ಕಟ್ಟುವ ಅರೇಂಜ್‌ಮೆಂಟ್‌ಗಳು ಈಗ ಬಹಳ ಬರುತ್ತಿವೆ. ನಡೆಯುವ ಹೆಜ್ಜೆಯಷ್ಟು ಸಮನಾದ ಆ ಧಾಟಿಯಲ್ಲಿ ಒಂದು ಮಾತ್ರೆ ತಪ್ಪಿಸಿದಾಗ ಆಗುವ ಎಡವು ಚೆಂದವೇ, ಆದರೆ ಅದು ಎಡವು ಎಂದು ಕೇಳಿಸಬೇಕಾದರೆ ಮೊದಲು ನಾಲ್ಕು ಸಾಲಾದರೂ ಸರಿಯಾಗಿ ನಡೆದಿರಬೇಕು. ಮೊದಲ ಸಾಲಿನಿಂದಲೇ ಎಡವುತ್ತ ಹೋದರೆ ಕೇಳುಗರ ನೆನಪಿನಲ್ಲಿರುವ ಹಾಡಿಗೂ ಕೇಳಿಬರುವ ಹಾಡಿಗೂ ಮಾತುಕತೆಯೇ ನಡೆಯುವುದಿಲ್ಲ.

ನಾನು ಹಿತ್ತಾಳೆಯಲ್ಲಿ ಕೇಳಬೇಕೆಂದು ಬಯಸುವ ಒಂದು ಪ್ರಯೋಗದ ಬಗ್ಗೆ ಬರೆದು ಮುಗಿಸುತ್ತೇನೆ. ಪ್ರಿಟೋರಿಯಸ್ 1609ರಲ್ಲಿ ನಾಲ್ಕು ದನಿಗಳಿಗೆ ಹೊಂದಿಸಿದ ‘ಎಸ್ ಇಸ್ಟ್ ಐನ್ ರೋಸ್ ಎಂಟ್‌ಸ್ಪ್ರುಂಗನ್’ ಹಾಡನ್ನು ಸ್ವೀಡನ್ನಿನ ಯಾನ್ ಸ್ಯಾಂಡ್‌ಸ್ಟ್ರೋಮ್ ಗಾಯನವೃಂದಕ್ಕಾಗಿ ಹೊಸದಾಗಿ ಮಾಡಿದ್ದಾನೆ. ಒಂದು ಗುಂಪು ಪ್ರಿಟೋರಿಯಸ್‌ನ ಹಾಡನ್ನು ಒಂದು ಸ್ವರವನ್ನೂ ಬದಲಿಸದೆ ಅತ್ಯಂತ ವಿಳಂಬ ಕಾಲದಲ್ಲಿ ಹಾಡುತ್ತದೆ, ಇನ್ನೊಂದು ಗುಂಪು ಬಾಯಿ ಮುಚ್ಚಿ ಗುನುಗುವ ದೀರ್ಘ ಸ್ವರಗಳನ್ನು ಅದರ ಸುತ್ತ ಹರಡುತ್ತದೆ. ಕ್ರಿಸ್ಟಿಯನ್ ಲಿಂಡ್‌ಬರ್ಗ್‌ಗಾಗಿ ಮೋಟಾರ್‌ಬೈಕ್‌ನ ಹೆಸರಿನಲ್ಲಿ ಟ್ರಾಂಬೋನ್ ಕಾನ್ಸರ್ಟೊ ಬರೆದವನೂ ಇದೇ ಸ್ಯಾಂಡ್‌ಸ್ಟ್ರೋಮ್. ಹಾಗಾಗಿ ಈ ವಾದ್ಯಗಳ ಉಸಿರಿನ ಅಳತೆ ಅವನಿಗೆ ಗೊತ್ತಿಲ್ಲದ್ದಲ್ಲ. ಇದನ್ನು ಹನ್ನೆರಡು ಹಿತ್ತಾಳೆ ವಾದಕರಿಗೆ ತರಬೇಕಾದರೆ ಹಾಡು ನುಡಿಸುವ ನಾಲ್ವರಿಗೆ ಸಾಲಿನ ಕೊನೆಯಲ್ಲಿ ಒಟ್ಟಿಗೆ ಉಸಿರಾಡುವ ಅವಕಾಶವಿರಬೇಕು, ಸುತ್ತಲಿನ ಎಂಟು ಮಂದಿ ಮಾತ್ರ ಒಬ್ಬರಾದ ಮೇಲೊಬ್ಬರು ಕದ್ದು ಉಸಿರಾಡುತ್ತ ನಾದವನ್ನು ಕಡಿಯದಂತೆ ನೋಡಿಕೊಳ್ಳಬೇಕು. ಯಾರು ಯಾವ ಮಾತ್ರೆಯಲ್ಲಿ ಉಸಿರು ತೆಗೆಯಬೇಕೆಂಬುದನ್ನು ಅರೇಂಜರ್ ಸ್ವರಲಿಪಿಯಲ್ಲೇ ಗುರುತು ಮಾಡಿಕೊಡಬೇಕು, ತಾಲೀಮಿಗೆ ಬಿಡಬಾರದು. ಎಂಟು ಮಂದಿಯಲ್ಲಿ ಕನಿಷ್ಠ ನಾಲ್ವರು ಯೂಫೋನಿಯಂ ಮತ್ತು ಫ್ಲೂಗಲ್‌ಹಾರ್ನ್‌ನವರಾಗಿದ್ದರೆ ಗುನುಗುವ ಕಂಠದ ಬಣ್ಣಕ್ಕೆ ಹತ್ತಿರ ಹೋಗಬಹುದು ಎಂದು ನನ್ನ ಎಣಿಕೆ.